ಅಪ್ಪ-ಅವ್ವ ಇಟ್ಟುಹೋದ ಹಣ, ಆಸ್ತಿ ಹುಡುಕುವುದು ಹೇಗೆ? ಪಾಸ್‌ಬುಕ್ಕಿನಿಂದ ಶುರು ಮಾಡಿ

ಮನೆಯ ಹಿರಿಯರು ತೀರಿಕೊಂಡು ದಿನಕಾರ್ಯ ಮುಗಿಯುತ್ತಿದ್ದಂತೆ ಒಂದು ಪ್ರಶ್ನೆ ಏಳುತ್ತದೆ. ಎಲ್ಲೆಲ್ಲಿ ಏನೇನು ಇಟ್ಟಿದ್ದರು? ಹುಬ್ಬಳ್ಳಿ-ಧಾರವಾಡದ ಕಡೆ ನಾನು ನೋಡಿದ ಬಹಳಷ್ಟು ಮನೆಗಳಲ್ಲಿ ಆಗುವುದು ಒಂದೇ ಕಥೆ. ಅಣ್ಣ ಸೀದಾ ವಕೀಲರ ಹತ್ತಿರ ಓಡುತ್ತಾನೆ. ಬೆಂಗಳೂರಿನಲ್ಲಿರುವ ತಮ್ಮ ಮೊಬೈಲಿನಲ್ಲಿ ಯಾವುದೋ ವೆಬ್‌ಸೈಟ್ ತೆಗೆದು ಹೆಸರು ಹಾಕಿ, ‘ಏನೂ ತೋರಿಸ್ತಿಲ್ಲ’ ಅನ್ನುತ್ತಾನೆ. ಅಷ್ಟರಲ್ಲಿ ಮನೆ ಸ್ವಚ್ಛ ಮಾಡಿದವರು ಟ್ರಂಕಿನಲ್ಲಿದ್ದ ಹಳೇ ಕಾಗದಗಳನ್ನು ರದ್ದಿಗೆ ಹಾಕಿರುತ್ತಾರೆ. ಉತ್ತರ ಇದ್ದದ್ದು ಆ ಟ್ರಂಕಿನಲ್ಲೇ. ಒಂದು ವರ್ಷ ಯಾವ ಚೀಟಿಯನ್ನೂ ಎಸೆಯಬೇಡಿ.

1. ಮರಣ ಪ್ರಮಾಣಪತ್ರ

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಅದು ಎಲ್ಲರಿಗೂ ಗೊತ್ತು. ಎಡವುವುದು ಹೆಸರಿನಲ್ಲಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಅಂತ ಮೂರು ಇರುತ್ತವೆ. ಆಧಾರ್‌ನಲ್ಲಿ ‘ಬಸವರಾಜ ಶಿವಪ್ಪ ಅಂಗಡಿ’, ಬ್ಯಾಂಕಿನಲ್ಲಿ ‘ಬಿ.ಎಸ್. ಅಂಗಡಿ’, ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬರೀ ‘ಬಸಪ್ಪ’. ಇಂಗ್ಲಿಷಿನಲ್ಲಿ ಬರೆದಾಗ ಒಂದು ಕಡೆ ‘ವಿ’, ಇನ್ನೊಂದು ಕಡೆ ‘ಡಬ್ಲ್ಯೂ’. ಅರ್ಜಿ ಕೊಡುವ ಮುಂಚೆ ಆಧಾರ್ ಮತ್ತು ಪ್ಯಾನ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು. ಪ್ರತಿಗಳನ್ನು ಜಾಸ್ತಿ ತೆಗೆದಿಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಪ್ಲಾಸ್ಟಿಕ್ ಮೇಲೆ ಯಾರೂ ಸಿಕ್ಕಾ ಒತ್ತುವುದಿಲ್ಲ.

ಜೊತೆಗೇ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೂ ಅರ್ಜಿ ಹಾಕಿ. ಮದುವೆಯಾಗಿ ಹೋದ ಅಕ್ಕ-ತಂಗಿಯರ ಹೆಸರು ಬಿಡುವ ಚಾಳಿ ಇನ್ನೂ ಹೋಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೂ ಪಾಲಿದೆ. ಅಪ್ಪ ಹೋದಾಗ ಅಜ್ಜಿ, ಅಂದರೆ ಅಪ್ಪನ ತಾಯಿ, ಬದುಕಿದ್ದರೆ ಅವರೂ ಮೊದಲ ಸಾಲಿನ ವಾರಸುದಾರರೇ.

2. ಪಾಸ್‌ಬುಕ್ ಓದುವುದು

ಇಲ್ಲಿ ಅವಸರ ಬೇಡ. ಸಿಕ್ಕ ಎಲ್ಲ ಪಾಸ್‌ಬುಕ್ ಸೇರಿಸಿ. ಮರಣ ಪ್ರಮಾಣಪತ್ರ ಮತ್ತು ನಿಮ್ಮ ಗುರುತಿನ ಚೀಟಿ ತೋರಿಸಿ ಕಳೆದ ಮೂರು ವರ್ಷದ ಸ್ಟೇಟ್‌ಮೆಂಟ್ ಕೇಳಿ. ಬಾಕಿ ಎಷ್ಟಿದೆ ಅಂತ ಕೊನೇ ಸಾಲು ನೋಡಿ ಮುಚ್ಚಿಡಬೇಡಿ. ಪೆನ್ಸಿಲ್ ಹಿಡಿದು ಪ್ರತಿ ಸಾಲನ್ನೂ ಓದಿ. ಒಂದೊಂದು ಸಾಲೂ ಬೇರೆ ಯಾವುದೋ ಆಸ್ತಿಯ ವಿಳಾಸ ಹೇಳುತ್ತದೆ.

ಮೇ ಕೊನೆಗೆ 436 ರೂಪಾಯಿ ಕಟ್ ಆಗಿದೆಯಾ? ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ, 2 ಲಕ್ಷ ರೂಪಾಯಿಯದ್ದು. ವಯಸ್ಸು 55 ದಾಟಿದ್ದರೆ ಇದು ಮುಗಿದಿರುತ್ತದೆ. 20 ರೂಪಾಯಿ ಕಟ್ ಆಗಿದ್ದರೆ ಅಪಘಾತ ವಿಮೆ. ಆ್ಯಕ್ಸಿಡೆಂಟಿನಲ್ಲಿ ಹೋದವರ ಮನೆಯವರು ಈ 20 ರೂಪಾಯಿ ಸಾಲನ್ನು ಹುಡುಕಲೇಬೇಕು. ಅದಕ್ಕೂ 2 ಲಕ್ಷ ಇದೆ. ಮೂರು ತಿಂಗಳಿಗೊಮ್ಮೆ ಒಂದೇ ಮೊತ್ತ ಜಮಾ ಆಗುತ್ತಿದ್ದರೆ ಎಲ್ಲೋ ಒಂದು ಠೇವಣಿ ಬಡ್ಡಿ ಕೊಡುತ್ತಿದೆ. ‘ಎಸಿಎಚ್’ ಅಂತ ಇದ್ದು ಮುಂದೆ ಕಂಪನಿ ಹೆಸರು, 40-50 ರೂಪಾಯಿ ಜಮಾ ಕಂಡರೆ ಅದು ಹೆಚ್ಚಾಗಿ ಷೇರಿನ ಡಿವಿಡೆಂಡ್. ಚಿಲ್ಲರೆ ಅಂತ ದಾಟಬೇಡಿ, ಹಿಂದೆ ಷೇರುಗಳಿವೆ. ವರ್ಷಕ್ಕೊಮ್ಮೆ ಬಾಡಿಗೆ ಕಟ್ ಆಗಿದ್ದರೆ ಲಾಕರ್ ಇದೆ ಅಂತ ಅರ್ಥ. ಆ ಸಣ್ಣ ಉದ್ದನೆ ಕೀಲಿ ದೇವರ ಮನೆಯ ಡಬ್ಬಿಯಲ್ಲೋ ಹಳೇ ಪರ್ಸಿನಲ್ಲೋ ಇರುತ್ತದೆ. ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು ಬಂದಿದ್ದರೆ ಅವರ ಹೆಸರಿನಲ್ಲಿ ಹೊಲ ಇದೆ. ಗೋಲ್ಡ್ ಲೋನ್ ಕಂಪನಿಗೆ ಬಡ್ಡಿ ಹೋಗುತ್ತಿದ್ದರೆ ಅದನ್ನು ಸಾಲ ಅಂತ ಮಾತ್ರ ನೋಡಬೇಡಿ. ಅಲ್ಲಿ ಅವ್ವನ ಬಂಗಾರ ಅಡ ಇದೆ. ತಡ ಮಾಡಿದರೆ ಹರಾಜಿಗೆ ಹೋಗುತ್ತದೆ.

ಪಾಸ್‌ಬುಕ್ ಮೇಲಿನ ಬ್ಯಾಂಕಿನ ಹೆಸರೇ ಈಗ ಇಲ್ಲದಿದ್ದರೆ? ಗಾಬರಿ ಬೇಡ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಸೇರಿತು. ಅದು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಸಿಂಡಿಕೇಟ್ ಈಗ ಕೆನರಾ, ವಿಜಯಾ ಈಗ ಬ್ಯಾಂಕ್ ಆಫ್ ಬರೋಡಾ, ಕಾರ್ಪೊರೇಷನ್ ಈಗ ಯೂನಿಯನ್ ಬ್ಯಾಂಕ್. ಹಳೇ ಖಾತೆ ನಂಬರ್ ಇದ್ದರೆ ಹೊಸ ಶಾಖೆಯಲ್ಲಿ ಹುಡುಕಿಸಬಹುದು.

3. ಸೊಸೈಟಿಗಳು

ಯಾವ ಪೋರ್ಟಲ್ಲೂ ತೋರಿಸದ ಹಣ ನಮ್ಮ ಭಾಗದಲ್ಲಿ ಇರುವುದು ಪತ್ತಿನ ಸಹಕಾರಿ ಸಂಘಗಳಲ್ಲಿ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಜಿಲ್ಲೆಯ ಕಣಗಿನಹಾಳದಲ್ಲಿ. ಆವತ್ತಿನಿಂದ ಇಲ್ಲಿ ಓಣಿಗೊಂದು ಸೊಸೈಟಿ. ಹಿರಿಯರು ನಡೆದು ಹೋಗುವಷ್ಟು ದೂರದಲ್ಲಿ ಹಣ ಇಟ್ಟವರು. ಮನೆ, ಕೆಲಸದ ಜಾಗ, ಸಂತೆ, ಈ ಮೂರರ ಸುತ್ತಲಿನ ಸೊಸೈಟಿಗಳಿಗೆ ನೀವೇ ಹೋಗಿ ಕೇಳಿ. ಹುಬ್ಬಳ್ಳಿಯವರಾದರೆ ದುರ್ಗದ ಬೈಲ್ ಸುತ್ತ, ಗದಗಿನವರಾದರೆ ಬೆಟಗೇರಿಯ ನೇಕಾರ ಸಂಘಗಳನ್ನೂ ಬಿಡಬೇಡಿ. ಸೆಪ್ಟೆಂಬರ್ ಸುಮಾರಿಗೆ ಮನೆಗೆ ಬರುವ ವಾರ್ಷಿಕ ಸಭೆಯ ವರದಿ ಪುಸ್ತಕ ಸಿಕ್ಕರೆ, ಅವರು ಅಲ್ಲಿ ಸದಸ್ಯರು ಅಂತ ಲೆಕ್ಕ.

ಎಲ್ಲಕ್ಕಿಂತ ಒಳ್ಳೇ ಸುಳಿವು ಪಿಗ್ಮಿ ತುಂಬಿಸಿಕೊಳ್ಳುವವರದು. ದಿನಾ ಅಂಗಡಿ ಬಾಗಿಲಿಗೆ ಬರುವ ಮನುಷ್ಯ, ಮಕ್ಕಳಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ‘ಕಾಕಾರದು ಇನ್ನೊಂದು ಪುಸ್ತಕ ಐತಲ್ರೀ, ಮೊಮ್ಮಗಳ ಹೆಸರಲೆ’ ಅಂತ ಹೇಳುವವರು ಅವರೇ.

ಸೊಸೈಟಿಯಲ್ಲಿ ಮೂರು ಕೇಳಿ: ಠೇವು (ಠೇವಣಿ) ಎಷ್ಟು, ಷೇರು ಎಷ್ಟು, ಯಾರಿಗಾದರೂ ಜಾಮೀನು ಆಗಿದ್ದಾರಾ? ಮೂರನೆಯದನ್ನು ಯಾರೂ ಕೇಳುವುದಿಲ್ಲ. ಗೆಳೆಯನ ಸಾಲಕ್ಕೆ ಸಹಿ ಹಾಕಿದ್ದರೆ ಠೇವು ಬಿಡಿಸುವಾಗ ತಕರಾರು ಬರುತ್ತದೆ. ಇನ್ನೊಂದು ಮಾತು, ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಪತ್ತಿನ ಸಂಘಗಳಿಗೆ ಇಲ್ಲ. ಬಂದ ಹಣವನ್ನು ‘ಬಡ್ಡಿ ಜಾಸ್ತಿ’ ಅಂತ ಮತ್ತೆ ಅಲ್ಲೇ ಇಡುವ ಮೊದಲು ಯೋಚಿಸಿ.

ರೈತರ ಮನೆಯಾದರೆ ದಲಾಲಿ ಅಂಗಡಿಗೂ ಹೋಗಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ, ಅಮರಗೋಳದ ಎಪಿಎಂಸಿಯಲ್ಲಿ ಹತ್ತಿ ಮಾರಿ ‘ನಿಮ್ಮ ಹತ್ರಾನೇ ಇರಲಿ’ ಅಂದವರು ಕಡಿಮೆ ಇಲ್ಲ. ಮಾಲು ಮಾರಿದಾಗ ದಲಾಲರು ಕೊಡುವ ಪಟ್ಟಿ ಚೀಟಿಯೇ ಅದಕ್ಕೆ ಸಾಕ್ಷಿ.

4. ಈಗ ವೆಬ್‌ಸೈಟ್

ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲ್ 2023ರ ಆಗಸ್ಟ್‌ನಲ್ಲಿ ಬಂತು. 2024ರ ಮಾರ್ಚ್ ಹೊತ್ತಿಗೆ 30 ಬ್ಯಾಂಕುಗಳು ಅದರಲ್ಲಿದ್ದವು. ಅದು ತೋರಿಸುವುದು 10 ವರ್ಷ ಯಾರೂ ಮುಟ್ಟದ ಖಾತೆಗಳನ್ನು. ಅಪ್ಪ ಹೋದ ತಿಂಗಳು ವ್ಯವಹಾರ ಮಾಡಿದ ಖಾತೆ ಅಲ್ಲಿ ಹೇಗೆ ಕಾಣುತ್ತದೆ? ತಮ್ಮನ ‘ಏನೂ ತೋರಿಸ್ತಿಲ್ಲ’ ಹುಟ್ಟುವುದು ಇಲ್ಲೇ. ಪ್ಯಾನ್, ವೋಟರ್ ಐಡಿ, ಹುಟ್ಟಿದ ದಿನಾಂಕ ಬದಲಿಸಿ, ಹೆಸರಿನ ಎಲ್ಲ ರೂಪ ಹಾಕಿ ಹುಡುಕಿ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಆದಾಯ ತೆರಿಗೆಯದು. ಇ-ಫೈಲಿಂಗ್ ಪೋರ್ಟಲ್ಲಿನಲ್ಲಿ ವಾರಸುದಾರರು ಅಂತ ನೋಂದಾಯಿಸಿಕೊಂಡರೆ ತೀರಿಕೊಂಡವರ ‘ಎಐಎಸ್’, ಅಂದರೆ ವರ್ಷದ ಹಣಕಾಸು ವ್ಯವಹಾರಗಳ ಪಟ್ಟಿ, ಸಿಗುತ್ತದೆ. ಯಾವ ಬ್ಯಾಂಕ್ ಬಡ್ಡಿ ಕೊಟ್ಟಿತು, ಯಾವ ಕಂಪನಿ ಡಿವಿಡೆಂಡ್ ಕೊಟ್ಟಿತು, ಬಹುಪಾಲು ಅಲ್ಲೇ ಇರುತ್ತದೆ. ಏಳು ವರ್ಷ ಡಿವಿಡೆಂಡ್ ತೆಗೆದುಕೊಳ್ಳದ ಷೇರುಗಳು ಕೇಂದ್ರ ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿರುತ್ತವೆ. ಅವನ್ನು ವಾಪಸ್ ಪಡೆಯಬಹುದು. ಮರೆತ ಮ್ಯೂಚುವಲ್ ಫಂಡ್‌ಗೆ ‘ಮಿತ್ರ’ ಅನ್ನುವ ಪೋರ್ಟಲ್ ಇದೆ. ಎಲ್‌ಐಸಿ ಬಾಂಡ್ ಸಿಗದಿದ್ದರೂ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ವಿಚಾರಿಸಿ. ಕಂತು ನಡುವೆ ನಿಂತಿದ್ದರೂ ಕೆಲವು ವರ್ಷ ಕಟ್ಟಿದ್ದರೆ ಸ್ವಲ್ಪ ಹಣ ಉಳಿದಿರುತ್ತದೆ. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ), ಖಾಸಗಿ ಕಂಪನಿಯಲ್ಲಿದ್ದರೆ ಪಿಎಫ್ ಕಚೇರಿಯಲ್ಲಿ ಕೇಳಿ. ಅಂಚೆ ಕಚೇರಿಯ ಹಳೇ ಎನ್‌ಎಸ್‌ಸಿ (ಉಳಿತಾಯ ಪತ್ರ) ಕಾಗದಗಳು ಸೀರೆ ಮಡಿಕೆಗಳ ನಡುವೆ ಸಿಗುತ್ತವೆ, ನೋಡಿ.

‘ಶೇಕಡಾ ಇಷ್ಟು ಕೊಡಿ, ಎಲ್ಲ ಹುಡುಕಿ ಕೊಡ್ತೀವಿ’ ಅಂತ ಫೋನ್ ಮಾಡುವವರನ್ನು ದೂರ ಇಡಿ. ಈ ಪೋರ್ಟಲ್‌ಗಳು ಎಲ್ಲ ಪುಕ್ಕಟೆ.

5. ಹೊಲ, ಮನೆ, ಸೈಟು

ಕರ ಕಟ್ಟಿದ ರಸೀತಿ ಹುಡುಕಿ. ಹೊಲಕ್ಕೆ ಉತಾರ, ಹಳ್ಳಿ ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಹುಬ್ಬಳ್ಳಿ-ಧಾರವಾಡದ ಮನೆಗೆ ಸಿಟಿ ಸರ್ವೆ ನಂಬರ್ ತೆಗೆಸಿ. ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಸೈಟಿಗೆ ಕಂತು ಕಟ್ಟಿದ ಚಲನ್ ಇದ್ದರೆ ಅದೂ ಆಸ್ತಿಯೇ. ಆಮೇಲೆ ಇ.ಸಿ., ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ಹಾಕಿಸಿ, 2004ಕ್ಕೂ ಮುಂಚಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ವಾರಸಾ ಮಾಡಿಸುವುದನ್ನು, ಅಂದರೆ ದಾಖಲೆಯಲ್ಲಿ ವಾರಸುದಾರರ ಹೆಸರು ಸೇರಿಸುವುದನ್ನು, ‘ಪಾಲು ಆಗುವಾಗ ನೋಡೋಣ’ ಅಂತ ಮುಂದೂಡಬೇಡಿ. ಅಜ್ಜನ ಹೆಸರಲ್ಲೇ ಉಳಿದ ಉತಾರಗಳಿಗೆ ಈಗ ಮೂವತ್ತು-ನಲವತ್ತು ಸಹಿ ಬೇಕಾಗುತ್ತಿದೆ.

6. ಹಣ ಬಿಡಿಸುವುದು

ನಾಮಿನಿ ಇದ್ದರೆ ಕಾಗದ ಎಲ್ಲ ಕೊಟ್ಟ ಮೇಲೆ ಬ್ಯಾಂಕ್ 15 ದಿನದಲ್ಲಿ ಕ್ಲೇಮ್ ಮುಗಿಸಬೇಕು. ಆದರೆ ನಾಮಿನಿ ಅಂದರೆ ಮಾಲೀಕ ಅಲ್ಲ, ಉಳಿದ ವಾರಸುದಾರರ ಪರವಾಗಿ ಹಣ ತೆಗೆದುಕೊಳ್ಳುವವ ಅಷ್ಟೇ. ಇದನ್ನು ಅಣ್ಣ-ತಮ್ಮಂದಿರು ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೇದು. ನಾಮಿನಿ ಇಲ್ಲದೆ ಮೊತ್ತ ದೊಡ್ಡದಿದ್ದರೆ, ಅಥವಾ ಜಗಳ ಇದ್ದರೆ, ಸಿವಿಲ್ ಕೋರ್ಟಿನ ವಾರಸಾ ಪ್ರಮಾಣಪತ್ರ (ಸಕ್ಸೆಷನ್ ಸರ್ಟಿಫಿಕೇಟ್) ಬೇಕಾಗುತ್ತದೆ. ವಕೀಲರ ಕೆಲಸ ಶುರುವಾಗುವುದು ಇಲ್ಲಿ. ಆ ಅರ್ಜಿಯಲ್ಲಿ ಪ್ರತಿ ಖಾತೆಯನ್ನೂ ಹೆಸರಿಸಬೇಕು, ಆದ್ದರಿಂದ ಪಟ್ಟಿ ಪೂರ್ತಿಯಾದ ಮೇಲೆಯೇ ಹಾಕಿ.

ಅವರ ಎಟಿಎಂ ಕಾರ್ಡಿನಿಂದ ಮಾತ್ರ ಹಣ ತೆಗೆಯಬೇಡಿ, ಪಿನ್ ಗೊತ್ತಿದ್ದರೂ. ಉಳಿದ ವಾರಸುದಾರರು ತಕರಾರು ತೆಗೆದರೆ ನೀವೇ ಉತ್ತರ ಹೇಳಬೇಕು. ಅವರ ಸಿಮ್‌ಗೆ ಮಾತ್ರ ಎಲ್ಲ ಕ್ಲೇಮ್ ಮುಗಿಯುವವರೆಗೆ ರೀಚಾರ್ಜ್ ಮಾಡಿಸುತ್ತಾ ಇರಿ. ನಿಮಗೆ ಗೊತ್ತೇ ಇಲ್ಲದ ಠೇವಣಿಯ ಅವಧಿ ಮುಗಿದಾಗ ಮೆಸೇಜ್ ಬರುವುದು ಆ ನಂಬರಿಗೆ.