ಸದ್ದು ಮೊದಲು, ಚಿತ್ರ ಆಮೇಲೆ: ಲೈವ್ ಎಲೆಕ್ಟ್ರಾನಿಕ್ ಸೆಟ್‌ಗೆ ಆಡಿಯೋ, ವಿಡಿಯೋ ಜೋಡಿಸುವ ಬಗೆ

ಸ್ಕ್ರೀನ್ ಮೇಲಿನ ಚಿತ್ರ ಎರಡು ಸೆಕೆಂಡ್ ನಿಂತುಹೋದರೆ ಜನ ಅದನ್ನೂ ಎಫೆಕ್ಟ್ ಅಂದುಕೊಳ್ಳುತ್ತಾರೆ. ಸದ್ದು ಅರ್ಧ ಸೆಕೆಂಡ್ ನಿಂತರೆ ಸಾಕು, ಕುಣಿಯುತ್ತಿದ್ದವರೆಲ್ಲ ತಿರುಗಿ ನಿಮ್ಮನ್ನೇ ನೋಡುತ್ತಾರೆ. ಹಾಗಾಗಿ ನನ್ನದು ಒಂದೇ ಹಟ: ವಿಡಿಯೋ ಏನೇ ಆಟ ಆಡಲಿ, ಆಡಿಯೋ ತಂಟೆಗೆ ಮಾತ್ರ ಬರಬಾರದು.

ಸಾಧ್ಯವಿದ್ದರೆ ಎರಡು ಕಂಪ್ಯೂಟರ್ ಇಟ್ಟುಕೊಳ್ಳಿ. ನಾನು ಒಂದರಲ್ಲಿ ಸಂಗೀತ ನುಡಿಸುವ ಸಾಫ್ಟ್‌ವೇರ್ ಏಬಲ್ಟನ್ ಲೈವ್, ಇನ್ನೊಂದರಲ್ಲಿ ವಿಡಿಯೋ ಆಡಿಸುವ ಸಾಫ್ಟ್‌ವೇರ್ ರೆಸೊಲ್ಯೂಮ್ ಓಡಿಸುತ್ತೇನೆ. ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿದ್ದರೆ ಅದು ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಮೇಲೆ ಸೆಟ್‌ನ ನಟ್ಟನಡುವೆ ಸದ್ದಿನಲ್ಲಿ ಚಟಪಟ ಶುರು. ಇರುವುದು ಒಂದೇ ಅಂದರೆ ವಿಡಿಯೋವನ್ನು 720ಪಿ, 30 ಫ್ರೇಮ್‌ಗೆ ಇಳಿಸಿಬಿಡಿ. ಹತ್ತು ಮೀಟರ್ ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ.

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯಬೇಕು ಅನ್ನುವುದು, 48 ಕಿಲೋಹರ್ಟ್ಜ್ ಇರಲಿ. ಕ್ಯಾಮೆರಾ, ಎಚ್‌ಡಿಎಂಐ ಎಲ್ಲ ಸಾಮಾನ್ಯವಾಗಿ ಅದರಲ್ಲೇ ನಡೆಯುತ್ತವೆ. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಎಷ್ಟು ಸ್ಯಾಂಪಲ್ ಕೂಡಿಟ್ಟು ಕಳಿಸುತ್ತದೆ ಅನ್ನುವ ವಿಷಯಕ್ಕೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. 128 ಸ್ಯಾಂಪಲ್ ಅಂದರೆ ಸುಮಾರು 2.7 ಮಿಲಿಸೆಕೆಂಡ್ ತಡ, 256 ಅಂದರೆ 5.3. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಮಾನಿಟರ್‌ನಿಂದ ಎರಡು ಮೀಟರ್ ದೂರ ನಿಂತರೇ ಆರು ಮಿಲಿಸೆಕೆಂಡ್ ಹೋಯಿತು! ಬೆರಳಲ್ಲಿ ಪ್ಯಾಡ್ ಬಡಿದು ಡ್ರಮ್ ನುಡಿಸುವವರಿಗೆ 128 ಬೇಕಾಗಬಹುದು. ಉಳಿದವರು 256 ಇಟ್ಟು ನೆಮ್ಮದಿಯಾಗಿರಿ.

ಎಲ್ಲ ಸದ್ದೂ ಸೇರಿ ಹೊರಡುವ ಮಾಸ್ಟರ್‌ನಲ್ಲಿ ಪೀಕ್ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಜೋರು ಮಾಡುವುದು ಸೌಂಡ್ ಎಂಜಿನಿಯರ್ ಕೆಲಸ. ಸುಮಾರು 100 ಹರ್ಟ್ಜ್‌ಗಿಂತ ಕೆಳಗಿನ ಬಾಸ್ ಮೋನೋ ಆಗಿರಲಿ. ಎಷ್ಟೋ ಕಡೆ ಸಬ್‌ಗಳು (ಬಾಸ್‌ನ ದೊಡ್ಡ ಸ್ಪೀಕರ್‌ಗಳು) ಮೋನೋದಲ್ಲೇ ಓಡುತ್ತವೆ. ಹೆಡ್‌ಫೋನಲ್ಲಿ ಅಗಲವಾಗಿ ಕೇಳಿದ ನಿಮ್ಮ ಬಾಸ್ ಅಲ್ಲಿ ತನ್ನನ್ನು ತಾನೇ ಕತ್ತರಿಸಿಕೊಂಡು ಮಾಯವಾಗುತ್ತದೆ.

ಇನ್ನು ಗುಂಯ್ ಅನ್ನುವ ಹಮ್. ಸೌಂಡ್‌ಚೆಕ್‌ನಲ್ಲಿ ನನ್ನ ಸಮಯವನ್ನು ಅತಿ ಜಾಸ್ತಿ ತಿನ್ನುವುದು ಇದೇ. ಅಂದಾಜಿನಲ್ಲಿ ಕೇಬಲ್ ಬದಲಾಯಿಸುತ್ತಾ ಕೂರಬೇಡಿ. ಹಾಡೆಲ್ಲ ನಿಲ್ಲಿಸಿ, ಫೇಡರ್ ಮೇಲಿಟ್ಟು, ಸುಮ್ಮನೆ ಕೇಳಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಕೂಡಲೇ ಹಮ್ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಸಾಮಾನುಗಳ ಅರ್ಥಿಂಗ್ ಎರಡು ದಾರಿಯಲ್ಲಿ ಸೇರಿ ಸುತ್ತು ಕಟ್ಟಿಕೊಂಡಿದೆ. ಮೌಸ್ ಅಲ್ಲಾಡಿಸಿದಾಗ ಕಿರ್ರ್ ಅನ್ನುವ ಸಣ್ಣ ಸದ್ದು ಬದಲಾಗುತ್ತಿದ್ದರೆ ಅದು ಯುಎಸ್‌ಬಿ ದಾರಿಯಲ್ಲಿ ಬರುತ್ತಿರುವ ಗಲಾಟೆ. ಎರಡೂ ಅಲ್ಲವೇ? ಹಾಗಾದರೆ ಪ್ರೊಜೆಕ್ಟರ್‌ಗೆ ಹೋಗುವ ಎಚ್‌ಡಿಎಂಐ ಕಿತ್ತು ನೋಡಿ. ಇದನ್ನು ಯಾರೂ ಅನುಮಾನಿಸುವುದೇ ಇಲ್ಲ. ಪ್ರೊಜೆಕ್ಟರ್ ಹಾಲ್‌ನ ಇನ್ನೊಂದು ತುದಿಯ ಪ್ಲಗ್‌ನಲ್ಲಿರುತ್ತದೆ, ಎಚ್‌ಡಿಎಂಐ ಕೇಬಲ್‌ನ ಶೀಲ್ಡ್ ಆ ದೂರದ ಅರ್ಥಿಂಗನ್ನು ತಂದು ನಿಮ್ಮ ಮಿಕ್ಸರ್‌ಗೆ ಕಟ್ಟಿಬಿಡುತ್ತದೆ.

ಇದಕ್ಕೆ ಮದ್ದು ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ವಾದ್ಯಕ್ಕೂ ಮಿಕ್ಸರ್‌ಗೂ ನಡುವೆ ಹಾಕುವ ಸಣ್ಣ ಡಬ್ಬಿ. ಸಿಂಥ್, ಲ್ಯಾಪ್‌ಟಾಪ್ ಯಾವುದೇ ಇರಲಿ, ಮಿಕ್ಸರ್‌ಗೆ ಸಿಗ್ನಲ್ ಒಯ್ಯುವ ಸ್ಟೇಜ್ ಬಾಕ್ಸ್‌ಗೆ ಅದರ ಮೂಲಕವೇ ಹೋಗಲಿ. ಅದರ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಆಡಿಯೋ ಸಾಮಾನುಗಳೆಲ್ಲ ಒಂದೇ ಪವರ್ ಸ್ಟ್ರಿಪ್‌ನಲ್ಲಿರಲಿ. ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಹಮ್ ಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು, ಹೋಗುತ್ತೆ. ಶಾಕ್ ಹೊಡೆದರೆ ಜೊತೆಗೆ ನೀವೂ ಹೋಗುತ್ತೀರಿ. ಬೇಡ.

ಎರಡು ಕಂಪ್ಯೂಟರ್‌ಗಳನ್ನು ಜೋಡಿಸುವಾಗಲೂ ಇದು ನೆನಪಿರಲಿ. ಆಡಿಯೋ ಕೇಬಲ್ ಎಳೆದು ವಿಡಿಯೋ ಕಂಪ್ಯೂಟರ್‌ಗೆ ಸದ್ದು ಕೊಟ್ಟರೆ ಲೂಪ್ ಮತ್ತೆ ಹುಟ್ಟಿತು ಅಂತಲೇ ಲೆಕ್ಕ. ಮಾಮೂಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಎರಡೂ ಕಡೆಯ ಪೋರ್ಟ್‌ನಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಹಾಗಾಗಿ ತೊಂದರೆಯಿಲ್ಲ. ವಾದ್ಯಗಳು ಯಾವ ನೋಟ್, ಯಾವಾಗ ಅಂತ ಪರಸ್ಪರ ಹೇಳಿಕೊಳ್ಳಲು 1983ರಲ್ಲಿ ಬಂದ ಐದು ಪಿನ್ನಿನ ಮಿಡಿ ಇನ್ನೂ ಜಾಣ. ಅದರ ಇನ್‌ಪುಟ್‌ನಲ್ಲಿ ಸಿಗ್ನಲ್ ಬೆಳಕಾಗಿ ದಾಟುತ್ತದೆ, ಕರೆಂಟಿಗೆ ದಾರಿಯೇ ಇಲ್ಲ. ಯುಎಸ್‌ಬಿ ಮಿಡಿಗೆ ಈ ಭಾಗ್ಯ ಇಲ್ಲ.

ಟೆಂಪೋ ಹಂಚಿಕೊಳ್ಳಲು ಏಬಲ್ಟನ್ ಲಿಂಕ್ ಸಾಕು, ವೈಫೈ ಬದಲು ಕೇಬಲ್ ಹಾಕಿ. ಡ್ರಮ್ ಮಷೀನಿಗೆ ಮಿಡಿ ಕ್ಲಾಕ್, ಒಂದು ಬೀಟಿಗೆ 24 ಪಲ್ಸ್. ಚಿತ್ರ ಬೀಟಿಗೆ ಕುಣಿಯಬೇಕು ಅಂತ ಇಡೀ ಮಿಕ್ಸನ್ನು ವಿಡಿಯೋಗೆ ಕೊಡುವವರಿದ್ದಾರೆ. ಆಗ ಎಲ್ಲವೂ ಎಲ್ಲ ಹೊತ್ತೂ ಅಲ್ಲಾಡುತ್ತಿರುತ್ತದೆ, ಕಣ್ಣಿಗೆ ಸುಸ್ತು. ನಾನು ಕಿಕ್ ಡ್ರಮ್‌ನ ಮಿಡಿ ನೋಟ್ ಒಂದನ್ನೇ ಕಳಿಸುತ್ತೇನೆ. ಅದು ಚಿತ್ರದ ಹೊಳಪನ್ನು ಮಾತ್ರ ಮುಟ್ಟುತ್ತದೆ. ಬಣ್ಣ, ಆಕಾರ ಕೈಯಲ್ಲೇ ನಿಧಾನವಾಗಿ ತಿರುಗುತ್ತಿರುತ್ತವೆ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಸ್ಕ್ರೀನ್ ಪೂರ್ತಿ ಬಿಳಿ–ಕಪ್ಪು ಮಿನುಗಿಸಬೇಡಿ, ಕೆಲವರಿಗೆ ಫಿಟ್ಸ್ ಬರಬಹುದು.

ಪ್ರೊಜೆಕ್ಟರ್ ಎಷ್ಟು ತಡಮಾಡುತ್ತದೆ ಅಂತ ಅಳೆಯುವುದು ಸುಲಭ. ಸ್ಕ್ರೀನ್ ಒಮ್ಮೆಲೇ ಬಿಳಿಯಾಗುವಂಥ ಕ್ಲಿಪ್ ಹಾಕಿ, ಅದೇ ಚಿತ್ರ ಲ್ಯಾಪ್‌ಟಾಪಿನಲ್ಲೂ ಪರದೆಯಲ್ಲೂ ಕಾಣುವಂತೆ ಡಿಸ್‌ಪ್ಲೇ ಮಿರರ್ ಮಾಡಿ. ಫೋನಿನ ಸ್ಲೋ ಮೋಷನ್‌ನಲ್ಲಿ ಎರಡೂ ಒಂದೇ ಫ್ರೇಮಿನಲ್ಲಿ ಬರುವಂತೆ ಶೂಟ್ ಮಾಡಿ. 240 ಫ್ರೇಮ್ ಆದರೆ ಒಂದೊಂದು ಫ್ರೇಮೂ ಸುಮಾರು 4 ಮಿಲಿಸೆಕೆಂಡ್. ಲ್ಯಾಪ್‌ಟಾಪ್ ಬೆಳಗಿದ 15 ಫ್ರೇಮ್ ಆದಮೇಲೆ ಪರದೆ ಬೆಳಗಿತು ಅಂದರೆ ತಡ 60ರ ಆಸುಪಾಸು. ವಿಡಿಯೋಗೆ ಹೋಗುವ ಮಿಡಿ ಟ್ರ್ಯಾಕ್‌ನ ಡಿಲೇ ಮೈನಸ್ ಮಾಡಿ, ಸದ್ದಿಗಿಂತ ಮೊದಲೇ ಹೊರಡುವಂತೆ ಮಾಡಿ. ಪೂರ್ತಿ 60 ಬೇಡ, 30 ಸಾಕು ಅನ್ನುತ್ತೇನೆ. ಸ್ಪೀಕರ್‌ನಿಂದ 20 ಮೀಟರ್ ಹಿಂದಿರುವವರಿಗೆ ಸದ್ದೇ 58 ಮಿಲಿಸೆಕೆಂಡ್ ತಡವಾಗಿ ತಲುಪುತ್ತದಲ್ವಾ, ಹಾಲ್‌ನ ನಡುವಿನವರಿಗೆ ಹೊಂದಿದರೆ ಆಯಿತು. ಅಳೆದಾದ ಮೇಲೆ ಮಿರರ್ ತೆಗೆದು ಎಕ್ಸ್‌ಟೆಂಡ್‌ಗೆ ಹಾಕಿ, ಎರಡನೇ ಡೆಸ್ಕ್‌ಟಾಪಿನ ವಾಲ್‌ಪೇಪರ್ ಕಪ್ಪು ಮಾಡಿ, ನೋಟಿಫಿಕೇಶನ್ ಆಫ್ ಮಾಡಿ.

ಕ್ಲಿಪ್‌ಗಳನ್ನು ಮಾಮೂಲಿ ವಿಡಿಯೋ ಫಾರ್ಮ್ಯಾಟ್ ಆದ ಎಚ್264ನಲ್ಲಿ ಇಡಬೇಡಿ. ಅದರಲ್ಲಿ ಬಹುತೇಕ ಫ್ರೇಮ್‌ಗಳು ಅಕ್ಕಪಕ್ಕದ ಫ್ರೇಮನ್ನು ನೆಚ್ಚಿಕೊಂಡಿರುತ್ತವೆ. ಹಿಂದೆ ಮುಂದೆ ಎಳೆದಾಡಿದರೆ ತಡವರಿಸುತ್ತದೆ. ಲೈವ್ ವಿಡಿಯೋಗೆಂದೇ ಇರುವ ಡಿಎಕ್ಸ್‌ವಿ ಅಥವಾ ಹ್ಯಾಪ್ ಫಾರ್ಮ್ಯಾಟಿಗೆ ಬದಲಾಯಿಸಿ. ಫೈಲ್ ದಪ್ಪಗಾಗುತ್ತದೆ, ಒಳ್ಳೆ ಎಸ್‌ಎಸ್‌ಡಿ ಬೇಕು, ಅಷ್ಟೇ. ಹತ್ತು ಮೀಟರ್ ದಾಟಿದರೆ ಎಚ್‌ಡಿಎಂಐ ನಂಬಬೇಡಿ, ದೂರಕ್ಕೆ ವಿಡಿಯೋ ಒಯ್ಯುವ ಎಸ್‌ಡಿಐ ಕೇಬಲ್‌ಗೆ ಕನ್ವರ್ಟರ್ ಹಾಕಿ. ಅದರ ಕನೆಕ್ಟರ್ ತಿರುಗಿಸಿದರೆ ಲಾಕ್ ಆಗುತ್ತದೆ, ಯಾರದೋ ಕಾಲಿಗೆ ಸಿಕ್ಕಿ ಕಳಚುವುದಿಲ್ಲ.

ರೆಕಾರ್ಡಿಂಗ್ ಅಥವಾ ಸ್ಟ್ರೀಮಿಂಗ್ ಇದ್ದರೆ ಅದಕ್ಕೆಂದೇ ಇರುವ ಸಾಫ್ಟ್‌ವೇರ್ ಒಬಿಎಸ್‌ಗೆ ಮಿಕ್ಸರ್‌ನಿಂದ ನೇರ ಫೀಡ್ ಕೊಡಿ, ಜನರ ಕೂಗು ಕೇಳಲು ಒಂದು ರೂಮ್ ಮೈಕ್ ತುಸು ಸೇರಿಸಿ. ಕ್ಯಾಮೆರಾ ಚಿತ್ರ ತಡವಾಗಿ ಬರುವುದರಿಂದ ಆಡಿಯೋವನ್ನೂ ಸಿಂಕ್ ಆಫ್‌ಸೆಟ್‌ನಲ್ಲಿ ಅಷ್ಟೇ ತಡಮಾಡಬೇಕು. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ, ರೆಕಾರ್ಡ್ ಆದದ್ದನ್ನು ನೋಡಿ ಸರಿ ಮಾಡಿಕೊಳ್ಳಿ. ಕರೆಂಟ್ 50 ಹರ್ಟ್ಜ್ ಇರುವ ಕಡೆ ಶಟರ್ 1/50 ಇಡಿ, ಲೈಟ್ ಮಿಣುಕುವುದು ಎಷ್ಟೋ ಕಡಿಮೆಯಾಗುತ್ತದೆ.

ಆನ್ ಮಾಡುವಾಗ ಮೊದಲು ಪ್ರೊಜೆಕ್ಟರ್, ಆಮೇಲೆ ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಮಿಕ್ಸರ್. ಸ್ಪೀಕರ್ ಕೊನೆಗೆ. ಮುಗಿದ ಮೇಲೆ ಮೊದಲು ಆಫ್ ಆಗಬೇಕಾದ್ದೂ ಸ್ಪೀಕರೇ, ಆಮೇಲೆ ಯಾವ ಕೇಬಲ್ ಬೇಕಾದರೂ ಕೀಳಿ.