ಕೃತಕ ಸ್ತನ: ಭಾರ ಎಲ್ಲಿ ಕೂರಬೇಕು? – ನನ್ನ ಅನುಭವ

ಶಸ್ತ್ರಚಿಕಿತ್ಸೆಯಲ್ಲಿ ಒಂದು ಸ್ತನ ತೆಗೆದ ಮೇಲೆ, ಉಳಿದದ್ದರ ಅರ್ಧ ತೂಕದ, ಕೈಯಲ್ಲಿ ಹೆಣೆದ ಕೃತಕ ಸ್ತನವನ್ನು ಧರಿಸಿ ಕಲಬುರಗಿಯ ಬೇಸಿಗೆಯಲ್ಲಿ ದಿನವಿಡೀ ಸೀರೆಯುಟ್ಟು ಪಾಠ ಮಾಡುವುದು ಆಗದ ಮಾತು ಎಂದವರು ಒಬ್ಬಿಬ್ಬರಲ್ಲ. ಅಂಗಡಿಯಲ್ಲಿ ಅಳತೆ ತೆಗೆದುಕೊಂಡ ಮಹಿಳೆ, "ಎರಡೂ ಕಡೆ ತೂಕ ಸಮ ಇಲ್ಲದಿದ್ದರೆ ಬೆನ್ನು ವಾಲುತ್ತದೆ ಮೇಡಂ" ಎಂದು ಎಚ್ಚರಿಸಿದರು. ನಮ್ಮ ಅತ್ತಿಗೆ, "ರೊಕ್ಕಾ ಕೊಟ್ಟು ತಂದದ್ದು ಮನ್ಯಾಗ ಇರೂವಾಗ ಈ ಗಂಟ್ಯಾಕ ಬೇಕವ್ವ" ಎಂದರು. ಈಗ ಅದೇ ಗಂಟನ್ನು ಧರಿಸಿ ಬೇಸಿಗೆಗಳನ್ನೇ ಕಳೆದಿರುವುದರಿಂದ, ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಂಗಡಿಯಿಂದ ತಂದ ಸಿಲಿಕೋನ್ ಕೃತಕ ಸ್ತನ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದಕ್ಕೂ ಅದನ್ನಿಡಲು ಒಳಗೆ ಜೇಬಿರುವ ಎರಡು ಬ್ರಾಗಳಿಗೂ ಸೇರಿ 10 ಸಾವಿರದ ಹತ್ತಿರ ಖರ್ಚಾಯಿತು. ಆದರೆ ನನಗೆ ಕೊಟ್ಟದ್ದು ಎಡಕ್ಕೂ ಬಲಕ್ಕೂ ಹೊಂದುವ ಹನಿಯಾಕಾರದ್ದು. ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿರುವ ನಮ್ಮಂಥವರಿಗೆ ಕಂಕುಳಿನ ಬದಿಯಲ್ಲೂ ತಗ್ಗು ಇರುತ್ತದೆಯಾದ್ದರಿಂದ ರವಿಕೆ ಅಲ್ಲಿಯೇ ಸುಕ್ಕುಗಟ್ಟುತ್ತಿತ್ತು. ಬಾರ್ಬಿ ಗೊಂಬೆಯನ್ನು ರೂಪಿಸಿದ ಅಮೆರಿಕದ ರೂತ್ ಹ್ಯಾಂಡ್ಲರ್ 1970ರಲ್ಲಿ ತಮಗೆ ಸ್ತನಛೇದನವಾದ ಮೇಲೆ, ಮಾರುಕಟ್ಟೆಯಲ್ಲಿದ್ದವು ಸರಿಬರದೆ, ಎಡಕ್ಕೆ ಬೇರೆ ಬಲಕ್ಕೆ ಬೇರೆ ಆಕಾರದವನ್ನು ತಾವೇ ಮಾಡಿಸಿ ಮಾರಾಟಕ್ಕಿಳಿದರು. ಅಷ್ಟು ಹಿಂದೆಯೇ ಅರ್ಥವಾಗಿದ್ದ ವಿಷಯವನ್ನು ನಮ್ಮ ಅಂಗಡಿಗಳಲ್ಲಿ ಇಂದಿಗೂ ಕೇಳಿ ಕೇಳಿ ಪಡೆಯಬೇಕಾಗಿದೆ. ಇನ್ನು ಮಾರ್ಚ್ ಬಂತೆಂದರೆ ಸಿಲಿಕೋನಿನ ಹಿಂದೆ ಬೆವರು ನಿಂತು, ರೇಡಿಯೇಶನ್ ಆದ ಚರ್ಮ ಕೆಂಪಾಗುತ್ತಿತ್ತು. ಭಾರವೆಲ್ಲ ಸಣ್ಣ ಪಟ್ಟಿಯ ಮೇಲೆ ಬಿದ್ದು, ಸಂಜೆಯ ಹೊತ್ತಿಗೆ ಆ ಬದಿಯ ತೋಳು ಬಿಗಿದುಕೊಳ್ಳುತ್ತಿತ್ತು.

ಹೀಗಾಗಿ ನಾನೇ ಮಾಡಲು ಕುಳಿತೆ. ಮೊದಲು ಬೇಕಾದದ್ದು ಅಳತೆ. ಅಂಚಿನವರೆಗೆ ನೀರು ತುಂಬಿದ ಬೋಗುಣಿಯನ್ನು ದೊಡ್ಡ ಪರಾತದಲ್ಲಿಟ್ಟು, ಬಗ್ಗಿ, ಉಳಿದಿರುವ ಸ್ತನವನ್ನು ಎದೆಗೂಡಿನವರೆಗೆ ನೀರಿನಲ್ಲಿ ಮುಳುಗಿಸಿ, ಪರಾತಕ್ಕೆ ಚೆಲ್ಲಿದ ನೀರನ್ನು ಅಳೆದೆ. ಅದು 450 ಮಿಲಿಲೀಟರಿನ ಆಸುಪಾಸಿನಲ್ಲಿತ್ತು. ಸ್ತನದ ಸಾಂದ್ರತೆ ಹೆಚ್ಚುಕಡಿಮೆ ನೀರಿನದ್ದೇ ಆದ್ದರಿಂದ ತೂಕವನ್ನೂ ಸುಮಾರು 450 ಗ್ರಾಂ ಎಂದುಕೊಂಡೆ. ಟೇಪು ಹಿಡಿದು ಕಪ್ ಅಳತೆ ಹೇಳುವವರಿಗಿಂತ ಈ ಲೆಕ್ಕವೇ ನನಗೆ ಹತ್ತಿರ ಬಂತು.

ಒಳಗೆ ತುಂಬುವ ವಸ್ತುವಿಗಾಗಿ ಬಹಳ ತಿಂಗಳು ಹೋದವು. ಬರೀ ದಿಂಬಿನ ಪಾಲಿಯೆಸ್ಟರ್ ತುಂಬಿದಾಗ ಹಗುರವಾಗಿ ಬ್ರಾ ಮೇಲೇರುತ್ತಿತ್ತು. ಬೋರ್ಡಿನ ಮೇಲಂಚಿಗೆ ಕೈ ಎತ್ತಿ ತಾರೀಖು ಬರೆದು ಇಳಿಸಿದರೆ ಒಂದು ಬದಿ ಎರಡು ಬೆರಳು ಮೇಲೆ ನಿಂತಿರುತ್ತಿತ್ತು. ಸಾಸಿವೆ ತುಂಬಿದಾಗ ಇಳಿಬೀಳುವ ರೀತಿ ಬಹಳ ಸಹಜವಾಗಿತ್ತು, ಅದರ ಮೇಲೆ ನನಗೆ ಈಗಲೂ ಪ್ರೀತಿಯಿದೆ. ಆದರೆ ಒಗೆಯುವಂತಿಲ್ಲ, ಬೆವರು ಹೀರಿ ವಾಸನೆ ಹಿಡಿಯಿತು. ಜೋಳಕ್ಕೆ ಹುಳು ಬಿತ್ತು. ಥರ್ಮಾಕೋಲ್ ಗುಳಿಗೆಗಳು ತರಗತಿಯ ನಿಶ್ಶಬ್ದದಲ್ಲಿ ಕಿರುಗುಟ್ಟಿದವು. ಕೊನೆಗೆ ನಿಂತದ್ದು ಕಸೂತಿ ಅಂಗಡಿಯ ಸಣ್ಣ ಗಾಜಿನ ಮಣಿಗಳಲ್ಲಿ. ಅವನ್ನು ಎರಡು ಹೊಲಿಗೆ ಹಾಕಿದ ಮಲ್ ಬಟ್ಟೆಯ ಚೀಲದಲ್ಲಿ ತುಂಬಿ, ಸುತ್ತ ಪಾಲಿಯೆಸ್ಟರ್ ಇಟ್ಟು, ಹತ್ತಿ ನೂಲಿನ ಕ್ರೋಶಾ ಹೊದಿಕೆ ಹೆಣೆದು, ಕಂಕುಳಿನ ಕಡೆಗೆ ಒಂದು ಬಾಲವನ್ನೂ ಬಿಟ್ಟೆ. ಒಟ್ಟು ತೂಕ 230 ಗ್ರಾಂ ದಾಟುವುದಿಲ್ಲ.

ನನ್ನ ಮಟ್ಟಿಗೆ ನಿಜವಾದ ಗುಟ್ಟು ತೂಕ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಕೂರುತ್ತದೆ ಎಂಬುದರಲ್ಲಿದೆ. ಮಣಿಚೀಲ ನಡುವಿನಲ್ಲಿದ್ದಾಗ ಅದೇ ತೂಕಕ್ಕೂ ಬ್ರಾ ಏರಿತು. ಕೆಳಅಂಚಿಗೆ ತಂದು ಹೊಲಿದಾಗ ಕುಳಿತಲ್ಲೇ ಕುಳಿತಿತು. ಬಿದ್ದ ಚಾಕ್‌ಪೀಸ್ ಎತ್ತಲು ಬಗ್ಗಿದರೂ ಜಾರಲಿಲ್ಲ. ಬೆನ್ನು ವಾಲುತ್ತದೆ ಎಂದಿದ್ದರಲ್ಲ, ಕನ್ನಡಿಯ ಮುಂದೆ ಎರಡೂ ಭುಜಗಳನ್ನು ನೋಡಿಕೊಳ್ಳುತ್ತಲೇ ಬಂದಿದ್ದೇನೆ, ನನ್ನವು ಸಮವಾಗಿಯೇ ಇವೆ. ಉಳಿದ ಸ್ತನ ಭಾರವಾಗಿರುವವರು ಮಣಿಯನ್ನು ಹೆಚ್ಚಿಸಿ ನೋಡಬೇಕು.

ಜೇಬಿನ ಬ್ರಾ ಕೊಳ್ಳುವುದನ್ನೂ ಬಿಟ್ಟೆ. 200–250 ರೂಪಾಯಿಯ ಮಾಮೂಲಿ ಹತ್ತಿ ಬ್ರಾದ ಒಳಗೆ, ಕಂಕುಳಿನ ಕಡೆ ಬಾಯಿ ಬರುವಂತೆ ಮಲ್ ಬಟ್ಟೆಯ ಜೇಬನ್ನು ಹೊಲಿಯುತ್ತೇನೆ. ಭುಜದ ಪಟ್ಟಿಗೆ ರವಿಕೆಯ ಲೈನಿಂಗ್ ಬಟ್ಟೆಯನ್ನು ಮಡಚಿ ಕೂಡಿಸಿ ಎರಡು ಬೆರಳಗಲ ಮಾಡುತ್ತೇನೆ. ಜೇಬಿನ ಕೆಳಹೊಲಿಗೆಯನ್ನು ಎಷ್ಟು ಓರೆಯಾಗಿ ಹಾಕಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರಿಗೆ ಬಟ್ಟೆ ಹಿಡಿದು ಕುಳಿತವರಿಗೆ ತೋರಿಸಿದ್ದೇನೆ, ಮುಂದೆಯೂ ತೋರಿಸುತ್ತೇನೆ. ನಮ್ಮೂರಿನ ದರ್ಜಿಯೊಬ್ಬರು ಅದನ್ನು ನೋಡಿ ಈಗ ತಮ್ಮ ಗಿರಾಕಿಗಳಿಗೂ ಹಾಗೆಯೇ ಹೊಲಿಯುತ್ತಿದ್ದಾರೆ.

ನೂಲು, ಮಣಿ, ಬಟ್ಟೆ, ಬ್ರಾ ಎಲ್ಲ ಸೇರಿ ಒಂದು ಜೊತೆಗೆ 600 ರೂಪಾಯಿಯೊಳಗೆ ಮುಗಿಯುತ್ತದೆ. ಸಿಲಿಕೋನನ್ನು ಅದರ ಡಬ್ಬಿಯಲ್ಲೇ, ಆಕಾರ ಕೆಡದಂತೆ ಇಟ್ಟು, ಚಳಿಗಾಲದ ಮದುವೆ-ಮುಂಜಿಗಳಿಗೆ ಬಳಸುತ್ತೇನೆ. ಅದನ್ನು ಧರಿಸಿದಾಗ ಸೆರಗಿನ ಪಿನ್ನು ಭುಜದ ಮೇಲೆಯೇ ಇರಬೇಕು, ಎದೆಯ ಹತ್ತಿರ ಬರಬಾರದು. ಹೆಣೆದದ್ದನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸುತ್ತೇನೆ. ಬೇಸಿಗೆಯಲ್ಲಿ ಸಂಜೆಗೇ ಒಣಗುತ್ತದೆ. ಮಳೆಗಾಲದಲ್ಲಿ ಮಣಿಚೀಲದ ತೇವ ಆರಲು ಎರಡು ದಿನ ಬೇಕಾಗುವುದರಿಂದ ಆ ತಿಂಗಳುಗಳಿಗೆಂದೇ ಮೂರನ್ನು ಮಾಡಿಟ್ಟುಕೊಂಡಿದ್ದೇನೆ.