'ಆಲ್ವೇಸ್' ಎಲ್ಲಿ ಕೂರಬೇಕು?

ನನ್ನ ಇಂಗ್ಲಿಷ್ ಟ್ಯೂಷನ್ನಿನ ಹತ್ತನೇ ಕ್ಲಾಸಿನ ಮಕ್ಕಳು ಜಾಸ್ತಿ ಎಡವುವುದು ಆಲ್ವೇಸ್, ಆಫನ್, ನೆವರ್ ಥರದ ಪದಗಳನ್ನು ವಾಕ್ಯದಲ್ಲಿ ಎಲ್ಲಿ ಇಡಬೇಕು ಅನ್ನುವಲ್ಲಿ. ಮೊದಲು ವರ್ಬ್, ಅಂದರೆ ಕ್ರಿಯಾಪದ, ಹುಡುಕಿ ಅಂತೀನಿ. ಮಾಮೂಲಿ ವರ್ಬ್ ಆದರೆ ಅದರ ಮುಂಚೆ ಇಡಿ: 'ಶಿ ಆಫನ್ ಮಿಸಸ್ ದ ಬಸ್'. ಆಮ್, ಈಸ್, ಆರ್ ಬಂದರೆ ಅದರ ನಂತರ: 'ಹಿ ಈಸ್ ಆಲ್ವೇಸ್ ಲೇಟ್'. ಹ್ಯಾವ್, ವಿಲ್, ಕ್ಯಾನ್ ಥರದ ಹೆಲ್ಪಿಂಗ್ ವರ್ಬ್ ಇದ್ದರೆ ಅದಾದ ಮೇಲೆ: 'ಐ ಹ್ಯಾವ್ ನೆವರ್ ಸೀನ್ ಸ್ನೋ'. ಎರಡು ಹೆಲ್ಪಿಂಗ್ ವರ್ಬ್ ಇದ್ದರೆ ಸಾಮಾನ್ಯವಾಗಿ ಮೊದಲನೆಯದರ ನಂತರವೇ.

'ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾಳೆ', 'ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ', ನಮಗೆ ಎರಡೂ ಸರಿ, ಅಲ್ವಾ? ಇಂಗ್ಲಿಷಿನಲ್ಲಿ ಆ ಸಲಿಗೆ ಇಲ್ಲ. 'ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್' ತಪ್ಪು. ವರ್ಬಿಗೂ ಅದರ ಆಬ್ಜೆಕ್ಟಿಗೂ (ಇಲ್ಲಿ 'ಇಂಗ್ಲಿಷ್') ನಡುವೆ ಆಡ್‌ವರ್ಬ್, ಅಂದರೆ 'ವೆಲ್', 'ಆಲ್ವೇಸ್' ಥರದ ಪದ, ತೂರಿಸಬಾರದು. 'ವೆಲ್' ಕೊನೆಗೆ ಹೋಗಲಿ: 'ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್'.

ಇನ್ನು ನಮ್ಮ ಪ್ರೀತಿಯ 'ಓನ್ಲಿ'. 'ನಿನ್ನೆನೇ ಬಂದ' ಅನ್ನುವ ರೂಢಿಯಲ್ಲಿ 'ಹಿ ಕೇಮ್ ಯೆಸ್ಟರ್ಡೇ ಓನ್ಲಿ' ಅಂತೀವಿ. ಬೆಂಗಳೂರಲ್ಲಿ ಯಾರೂ ಹುಬ್ಬೇರಿಸಲ್ಲ, ನಾನೂ ಮನೆಯಲ್ಲಿ ಹಾಗೇ ಮಾತಾಡುವುದು. ಪರೀಕ್ಷೆಯಲ್ಲಿ ಸುಮ್ನೆ ಮಾರ್ಕ್ಸ್ ಯಾಕೆ ಕಳೆದುಕೊಳ್ಳುತ್ತೀರಿ? ಅಲ್ಲಿ 'ಹಿ ಕೇಮ್ ಓನ್ಲಿ ಯೆಸ್ಟರ್ಡೇ' ಅಂತ ಬರೆಯಿರಿ.